ಕಪ್ಪೆ ಕೊಯ್ಯದೆ ಕಪ್ಪೆಯ ಪಾಠ: ಒಬ್ಬ ವೀಗನ್ ಅಕ್ಕೋರು ಮಾಡುವ ರೀತಿ

ನಮ್ಮ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ಕಾರವಾರದಿಂದ ಅಂಕೋಲೆಗೆ ಹೋಗುವ ದಾರಿಯಲ್ಲಿರುವ ಒಂದು ಶಾಲೆಯಲ್ಲಿ ನಾನು ವಿಜ್ಞಾನದ ಅಕ್ಕೋರು. ಹೈಸ್ಕೂಲು, ಪಿಯು ಎರಡೂ ಒಂದೇ ಕಾಂಪೌಂಡಿನಲ್ಲಿವೆ. ಎರಡೂ ಕಡೆ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಹುಟ್ಟಿದ್ದು ಶಿರಸಿ ಹತ್ತಿರದ ಹಳ್ಳಿಯಲ್ಲಿ, ಕೊಟ್ಟಿಗೆ ಇದ್ದ ಮನೆಯಲ್ಲಿ. ಹನ್ನೊಂದು ವರ್ಷದಿಂದ ನಾನು ವೀಗನ್, ಅಂದರೆ ಪ್ರಾಣಿಯಿಂದ ಬಂದದ್ದನ್ನು ಬಳಸದವಳು. ಹಾಲು, ಮಜ್ಜಿಗೆ, ತುಪ್ಪ, ಜೇನು ಎಲ್ಲಾ ಬಿಟ್ಟಿದ್ದೇನೆ. ತಂಬುಳಿಗೂ ಈಗ ತೆಂಗಿನ ಹಾಲೇ.

ನನ್ನ ಹಾಗೆ ಇರುವ ಇನ್ನೂ ಕೆಲವು ಶಿಕ್ಷಕರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಜೀವಶಾಸ್ತ್ರ ಕಲಿಸಬೇಕು, ಪ್ರಾಣಿ ಕೊಯ್ಯಲು ಮನಸ್ಸಿಲ್ಲ, ಏನು ಮಾಡೋದು ಅಂತ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ, ವಿಜ್ಞಾನ ದಿನದ ಕಾರ್ಯಕ್ರಮಕ್ಕೆ ಹೊರಗಿನಿಂದ ಒಬ್ಬರು ಬಂದಿದ್ದರು. ಸ್ಟೀಲ್ ಡಬ್ಬಿಯಲ್ಲಿ ಆಡಿನ ಹೃದಯ ತಂದಿದ್ದರು. ಟ್ರೇಯಲ್ಲಿಟ್ಟು ಸೀಳಿ, ಕವಾಟ ತೋರಿಸಿದರು. ಮನೆಯಲ್ಲಿ ಆಡು ಸಾಕಿದ್ದ ಒಬ್ಬಳು ಹುಡುಗಿ ಎದ್ದು ಹೊರಗೆ ಹೋದಳು. ಹಿಂದಿನ ಬೆಂಚಿನವರು ‘ಪುಕ್ಕಲಿ’ ಅಂದರು. ನನಗೆ ಕೇಳಿಸಿತು. ನಾನು ಸುಮ್ಮನಿದ್ದೆ. ಅದಾದ ಮೇಲೆ ಎಷ್ಟೋ ದಿನ ಅವಳು ನನ್ನ ಕ್ಲಾಸಿನಲ್ಲಿ ಕೈ ಎತ್ತಲಿಲ್ಲ. ಟ್ರೇ ಕ್ಲಾಸಿನೊಳಗೆ ಬಂದ ಮೇಲೆ ಯೋಚಿಸಿದರೆ ತಡವಾಗಿಬಿಡುತ್ತದೆ ಅಂತ ನನಗೆ ಗೊತ್ತಾಗಿದ್ದು ಹೀಗೆ. ಮಾತಾಡುವುದಿದ್ದರೆ ಜೂನ್ ತಿಂಗಳಲ್ಲೇ, ಶಾಲೆ ಶುರುವಾಗುತ್ತಿದ್ದ ಹಾಗೆ ಮಾತಾಡಿ.

ಹೆಡ್ಮಾಸ್ತರರ ಹತ್ತಿರ ಏನು ಹೇಳಬೇಕು

‘ನಾನು ವೀಗನ್, ನನಗೆ ಆಗುವುದಿಲ್ಲ ಸರ್’ ಅಂತ ಶುರು ಮಾಡಬೇಡಿ. ಹಾಗೆ ಹೇಳಿದರೆ ಅದು ನಿಮ್ಮೊಬ್ಬರ ಕಷ್ಟ ಆಗಿಬಿಡುತ್ತದೆ. ‘ಸರಿ, ನಿಮ್ಮ ಬದಲು ಬೇರೆಯವರ ಹತ್ತಿರ ಮಾಡಿಸೋಣ’ ಅನ್ನುತ್ತಾರೆ. ಆಗ ಕಪ್ಪೆಗೇನು ಲಾಭ?

ನಿಯಮದಿಂದ ಶುರು ಮಾಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಇದೆ: ಪುಸ್ತಕ, ಮಾದರಿ, ಚಲನಚಿತ್ರದಂಥ ಬೇರೆ ಬೋಧನಾ ಸಾಧನ ಸಾಕಾಗುವ ಕಡೆ ಪ್ರಾಣಿ ಪ್ರಯೋಗವನ್ನು ಆದಷ್ಟು ತಪ್ಪಿಸಬೇಕು. ವಿಶ್ವವಿದ್ಯಾಲಯಗಳ ಮೇಲಿನ ಆಯೋಗ ಯುಜಿಸಿ 2011ರಲ್ಲಿ ಡಿಸೆಕ್ಷನ್, ಅಂದರೆ ಪ್ರಾಣಿ ಕೊಯ್ದು ನೋಡುವುದನ್ನು, ಹಂತಹಂತವಾಗಿ ಕಡಿಮೆ ಮಾಡಲು ಹೇಳಿತು. 2014ರಲ್ಲಿ ಪದವಿ, ಸ್ನಾತಕೋತ್ತರ ಪ್ರಾಣಿಶಾಸ್ತ್ರದಲ್ಲೂ ನಿಲ್ಲಿಸಿ ಅಂದಿತು. ಎಂಎಸ್ಸಿ ಮಕ್ಕಳಿಗೇ ಬೇಡ ಅಂದಿದ್ದು ಒಂಬತ್ತನೇ ಕ್ಲಾಸಿನವರಿಗೆ ಯಾಕೆ ಬೇಕು? ಪಿಯು ಜೀವಶಾಸ್ತ್ರದಲ್ಲಿ ಕಪ್ಪೆಯ ಪಾಠ ಇದೆ ನಿಜ, ಆದರೆ ಅದನ್ನು ಮಾದರಿ, ಚಿತ್ರಗಳಲ್ಲೇ ಪೂರ್ತಿ ಮುಗಿಸಬಹುದು.

ನಮ್ಮ ಹೆಡ್ಮಾಸ್ತರರು ಒಂದೇ ಪ್ರಶ್ನೆ ಕೇಳಿದರು: ‘ಅಕ್ಕೋರೆ, ಮಕ್ಕಳು ನಿಜವಾದದ್ದನ್ನ ನೋಡೋದು ಬೇಡ್ವಾ?’

ನ್ಯಾಯವಾದ ಪ್ರಶ್ನೆ. ಉತ್ತರವಾಗಿ ನಾನು ನನ್ನ ಬಿಎಸ್ಸಿ ದಿನದ ಕಥೆ ಹೇಳಿದೆ. ಆಗ ಇನ್ನೂ ಕಪ್ಪೆ ಕೊಯ್ಯುತ್ತಿದ್ದ ಕಾಲ. ಕ್ಲೋರೋಫಾರ್ಮ್ ಬಾಟಲಿ, ಮೇಣದ ಟ್ರೇ, ನಾಲ್ಕು ಕಾಲಿಗೆ ನಾಲ್ಕು ಗುಂಡುಸೂಜಿ. ಎದೆ ತೆರೆದ ಮೇಲೂ ಹೃದಯ ಬಡಿಯುತ್ತಲೇ ಇತ್ತು. ‘ನೋಡಿ, ನೋಡಿ’ ಅಂದರು ನಮ್ಮ ಲೆಕ್ಚರರ್. ಎಲ್ಲರೂ ಬಗ್ಗಿ ನೋಡಿದೆವು. ಆದರೆ ಅದಕ್ಕೆ ಮೂರು ಕೋಣೆ ಇದೆ ಅನ್ನುವುದನ್ನು ಅವತ್ತು ನಾನು ಕಣ್ಣಾರೆ ಎಣಿಸಲೇ ಇಲ್ಲ. ಕೈ ನಡುಗುತ್ತಿತ್ತು. ರಕ್ತ ತುಂಬಿ ಏನೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ರೆಕಾರ್ಡಿನಲ್ಲಿ ಬಿಡಿಸಿದ್ದು ಪುಸ್ತಕದ ಚಿತ್ರವನ್ನು. ಪಕ್ಕದವರೂ ಅದನ್ನೇ ಬಿಡಿಸಿದರು. ಒಂದು ಬ್ಯಾಚಿಗೆ ಒಂದು ಬುಟ್ಟಿ ಕಪ್ಪೆ ಹೋಗಿತ್ತು.

‘ನಿಜವಾದದ್ದನ್ನ ನೋಡ್ಲಿ ಸರ್’ ಅಂದೆ. ‘ಅದಕ್ಕೇ ಈ ದಾರಿ ಬೇಡ ಅಂತಿರೋದು.’ ಮಾತಿನ ಜೊತೆಗೆ ಒಂದು ಹಾಳೆ ಕೊಟ್ಟೆ. ಯಾವ ಪಾಠಕ್ಕೆ ಏನು ಮಾಡಿಸುತ್ತೇನೆ, ಎಷ್ಟು ಪೀರಿಯಡ್ ಬೇಕು, ಎಷ್ಟು ಖರ್ಚು ಅಂತ ಅದರಲ್ಲಿ ಬರೆದಿತ್ತು. ನೀವೂ ಹಾಳೆ ಮರೆಯಬೇಡಿ. ಕೈಯಲ್ಲಿ ಯೋಜನೆ ಇದ್ದವರಿಗೆ ‘ಬೇಡ’ ಅನ್ನುವುದು ಕಷ್ಟ.

ಬ್ಲೇಡು ಹಿಡಿಯುವ ಕೈ ದಾಸವಾಳದಲ್ಲಿ ಕಲಿಯಲಿ

ಡಿಸೆಕ್ಷನ್ನಿನಲ್ಲಿ ಕಲಿಯಬೇಕಾದ ಕೌಶಲ ನಿಜವಾಗಿಯೂ ಇದೆ. ಪದರ ಪದರವಾಗಿ ಬಿಡಿಸುವುದು, ಹರಿಯದ ಹಾಗೆ ಕತ್ತರಿಸುವುದು, ಕಂಡದ್ದನ್ನೇ ಬರೆಯುವುದು. ಇದಕ್ಕೆ ನನಗೆ ದಾಸವಾಳಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಐದು ಎಸಳಿನ ಕೆಂಪು ದಾಸವಾಳವೇ ಬೇಕು. ಸುತ್ತು ದಾಸವಾಳ ಬೇಡ. ಅದರಲ್ಲಿ ಕೇಸರಗಳೇ ಎಸಳಾಗಿ ಬದಲಾಗಿರುತ್ತವೆ, ಮಕ್ಕಳಿಗೆ ಗೊಂದಲ.

ಇಬ್ಬರಿಗೆ ಒಂದು ಹೂವು, ಅರ್ಧ ಬ್ಲೇಡು, ಒಂದು ಸೇಫ್ಟಿ ಪಿನ್ನು, ಹಳೇ ಪೇಪರು. ಬ್ಲೇಡಿನ ಒಂದು ಅಂಚಿಗೆ ಸೆಲ್ಲೋಟೇಪ್ ಸುತ್ತಿರಿ. ಮೊದಲು ತೊಟ್ಟಿನ ಹತ್ತಿರದ ಸಣ್ಣ ಹಸಿರು ಎಲೆಗಳ ಸುತ್ತು, ಆಮೇಲೆ ಹಸಿರು ಬಟ್ಟಲು, ಆಮೇಲೆ ಎಸಳು, ಒಂದೊಂದೇ ಬಿಡಿಸಿ ಪೇಪರಿನ ಮೇಲೆ ಸಾಲಾಗಿ ಇಡಬೇಕು. ಎಸಳಿನ ಬುಡ ಲೋಳೆಲೋಳೆ, ಬೆರಳಿಗೆ ಅಂಟುತ್ತದೆ. ‘ಛೀ’ ಅನ್ನುವವರು ಅನ್ನಲಿ. ಕೊನೆಗೆ ನಡುವಿನ ಉದ್ದ ಕೊಳವೆ ಉಳಿಯುತ್ತದೆ. ಎಲ್ಲರೂ ಅದು ಒಂದು ಕಡ್ಡಿ ಅಂದುಕೊಂಡಿರುತ್ತಾರೆ. ಪಿನ್ನಿನ ತುದಿಯಿಂದ ಉದ್ದಕ್ಕೆ ಮೆಲ್ಲಗೆ ಸೀಳಲು ಹೇಳಿ. ಕೊಳವೆ ಬಿಚ್ಚಿಕೊಳ್ಳುತ್ತದೆ. ಒಳಗೆ ನೂಲಿನಷ್ಟು ತೆಳುವಾದ ಬಿಳಿ ಶಲಾಕೆ (ಹೂವಿನ ಹೆಣ್ಣು ಭಾಗದ ಕಡ್ಡಿ) ಬುಡದಿಂದ ತುದಿಯವರೆಗೂ ಇರುತ್ತದೆ. ಅಲ್ಲಿ ಇಡೀ ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತದೆ. ಪ್ರತಿ ವರ್ಷ ನೋಡಿದ್ದೇನೆ.

ಆಮೇಲೆ ಬುಡದ ಅಂಡಾಶಯವನ್ನು ಅಡ್ಡ ಕೊಯ್ಯಿಸಿ. ಐದು ಕೋಣೆ. ತುದಿಯಲ್ಲಿ ಐದು ಗುಂಡಿ, ಎಸಳು ಐದು. ಮಕ್ಕಳೇ ಎಣಿಸಿ ಕೂಗುತ್ತಾರೆ. ನೀವು ಮೊದಲೇ ಹೇಳಿಬಿಡಬೇಡಿ.

ಇದಾದ ಮೇಲೆ ಮೊಳೆತ ತೆಂಗಿನಕಾಯಿ. ನಮ್ಮ ಕಡೆ ಯಾರ ಅಂಗಳದಲ್ಲಾದರೂ ಸಿಗುತ್ತದೆ. ಒಡೆದರೆ ಒಳಗೆ ಮೆತ್ತನೆ ಉಂಡೆ ಇರುತ್ತದೆ. ಅದು ಕಾಯಿಯ ತಿರುಳನ್ನು ಕರಗಿಸಿ ಹೀರಿ, ಮೇಲಿನ ಸಸಿಗೆ ಕಳಿಸುತ್ತಿರುತ್ತದೆ. ಜೀರ್ಣಾಂಗದ ಪಾಠಕ್ಕೆ ಇದು ಒಳ್ಳೆಯ ಶುರು. ಪಾಠ ಮುಗಿದ ಮೇಲೆ ಉಂಡೆಯನ್ನು ಎಲ್ಲರೂ ತಿನ್ನುತ್ತೇವೆ.

ಬಟ್ಟೆಯ ಕಪ್ಪೆ

ನಮ್ಮ ಪ್ರಯೋಗಾಲಯದ ಕಪ್ಪೆ ಸುಮಾರು ಎರಡು ಅಡಿ ಉದ್ದ. ಮೂರು ಶನಿವಾರದಲ್ಲಿ ಮಕ್ಕಳೇ ಹೊಲಿದದ್ದು. ಟೇಲರ್ ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆ ಕೇಳಿದರೆ ಸುಮ್ನೆ ಕೊಡುತ್ತಾರೆ. ರೇಷ್ಮೆ, ಉಣ್ಣೆ ಬಳಸಬೇಡಿ. ಅಂಟು ಬೇಕಾದರೆ ಮೈದಾ ಕುದಿಸಿ ಮಾಡಿಕೊಳ್ಳಿ. ಬಡಗಿಗಳು ಹಿಂದೆ ಬಳಸುತ್ತಿದ್ದ ವಜ್ರ ಅನ್ನುವ ಅಂಟು ಪ್ರಾಣಿಯ ಚರ್ಮ, ಮೂಳೆಯಿಂದ ಮಾಡಿದ್ದು.

ಹೊಟ್ಟೆಯ ಮೇಲಿನ ಚರ್ಮ ಎರಡು ಬಾಗಿಲಿನ ಹಾಗೆ ತೆರೆಯಬೇಕು. ಅಂಚಿಗೆ ಟಿಚ್ ಬಟನ್ ಹಾಕಿ. ಒಳಗೆ ಕಂದು ಬಟ್ಟೆಯ ಯಕೃತ್ತು, ಅದರ ಸಂದಿನಲ್ಲಿ ಹಸಿರು ಪಿತ್ತಕೋಶ. ಎರಡು ತೆಳು ಗುಲಾಬಿ ಶ್ವಾಸಕೋಶ. ಕರುಳಿಗೆ ಲಂಗದ ಲಾಡಿ. ಬೆನ್ನಿಗೆ ಅಂಟಿದ ಹಾಗೆ ಎರಡು ಕಡುಗೆಂಪು ಮೂತ್ರಪಿಂಡ, ಅದರ ಹತ್ತಿರ ಬೆರಳಿನ ಹಾಗೆ ಕವಲೊಡೆದ ಹಳದಿ ಕೊಬ್ಬಿನ ತುಣುಕು. ಹೆಣ್ಣು ಕಪ್ಪೆಯ ಅಂಡಾಶಯಕ್ಕೆ ತೆಳು ಬಟ್ಟೆಯಲ್ಲಿ ಸಾಸಿವೆ ತುಂಬಿ ಹೊಲಿಯಿರಿ. ಒಂದು ಸಲಕ್ಕೆ 2500ರಿಂದ 3000 ಮೊಟ್ಟೆ ಅಂತ ಪುಸ್ತಕದಲ್ಲಿ ಓದುವುದಕ್ಕೂ, ಆ ಚೀಲವನ್ನು ಕೈಯಲ್ಲಿ ಒತ್ತಿ ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಹೃದಯಕ್ಕೆ ಜಾಸ್ತಿ ಸಮಯ ಕೊಡಿ. ಮೇಲೆ ಎರಡು ಚೀಲ, ಆಮ್ಲಜನಕ ಕಡಿಮೆ ಇರುವ ರಕ್ತಕ್ಕೆ ಒಂದು ನೀಲಿ, ಜಾಸ್ತಿ ಇರುವ ರಕ್ತಕ್ಕೆ ಒಂದು ಕೆಂಪು. ಕೆಳಗೆ ಒಂದೇ ಚೀಲ. ಅದಕ್ಕೆ ಯಾವ ಬಣ್ಣದ ಬಟ್ಟೆ ಹಾಕೋಣ ಅಂತ ಮಕ್ಕಳನ್ನೇ ಕೇಳಿ. ನಮ್ಮಲ್ಲಿ ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಹಾಲಕ್ಕಿ ಕೇರಿಯಿಂದ ಬರುವ ಒಬ್ಬ ಹುಡುಗ ಅಂದ: ‘ಎರಡೂ ಬೆರೀತದಲ್ಲ ಅಕ್ಕೋರೆ, ನೇರಳೆ ಹಾಕ್ಬೇಕು.’ ಮೂರು ಕೋಣೆಯ ಹೃದಯಕ್ಕೂ ನಮ್ಮ ನಾಲ್ಕು ಕೋಣೆಯ ಹೃದಯಕ್ಕೂ ಇರುವ ವ್ಯತ್ಯಾಸ ಅಲ್ಲಿಗೇ ಮುಗಿಯಿತು. ನಾನು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ.

ಪರೀಕ್ಷೆಗೂ ಇದೇ ಕಪ್ಪೆ. ಎಲ್ಲಾ ಅಂಗ ತೆಗೆದು ಮೇಜಿನ ಮೇಲೆ ಹರಡುತ್ತೇನೆ. ಸರಿಯಾದ ಜಾಗಕ್ಕೆ ಹಾಕುತ್ತಾ ಅದರ ಕೆಲಸ ಹೇಳಬೇಕು. ತಪ್ಪಿದರೆ ತೆಗೆದು ಮತ್ತೆ ಹಾಕಬಹುದು. ಕೊಯ್ದ ಕಪ್ಪೆಯಲ್ಲಿ ಇದು ಆಗುವುದಿಲ್ಲ, ಅಲ್ವಾ?

ಜೀವ ಇರುವ ಕಪ್ಪೆ

ಟ್ರೇಯಲ್ಲಿ ಎಂದೂ ಕಾಣದ್ದು ಒಂದಿದೆ. ಕಪ್ಪೆಗೆ ಪಕ್ಕೆಲುಬಿಲ್ಲ, ನಮ್ಮ ಹಾಗೆ ಎದೆ, ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ವಪೆಯೂ ಇಲ್ಲ. ಮತ್ತೆ ಶ್ವಾಸಕೋಶಕ್ಕೆ ಗಾಳಿ ಹೇಗೆ ಹೋಗುತ್ತದೆ? ಗಂಟಲಿನಿಂದ ಒತ್ತಿ ತಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಶಾಲೆಯ ಹಿಂದಿನ ಗದ್ದೆ ಅಂಚಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಐದು ಮಾರು ದೂರದಲ್ಲಿ ಕುಕ್ಕರಗಾಲಲ್ಲಿ ಕೂರುವುದು. ಮಾತಿಲ್ಲ. ಕಪ್ಪೆಯ ಗಂಟಲು ಕೆಳಗೆ ಮೇಲೆ ಆಡುವುದನ್ನು ಒಂದು ನಿಮಿಷ ಎಣಿಸುವುದು. ನಡುನಡುವೆ ಮೂಗಿನ ಹೊಳ್ಳೆ ಮುಚ್ಚಿ ಗಾಳಿ ಒಳಗೆ ನೂಕುವುದು ಕಂಡರೆ ಅದೃಷ್ಟ. ಹುಳ ನುಂಗುವಾಗ ಅದು ಕಣ್ಣು ಮುಚ್ಚುತ್ತದೆ. ಕಣ್ಣುಗುಡ್ಡೆ ಒಳಕ್ಕೆ ಇಳಿದು ಊಟವನ್ನು ಗಂಟಲಿಗೆ ತಳ್ಳಲು ಸಹಾಯ ಮಾಡುತ್ತದೆ. ಹಿಡಿಯಲು ಬಿಡಬೇಡಿ. ಅದು ಚರ್ಮದಿಂದಲೂ ಉಸಿರಾಡುತ್ತದೆ, ನಮ್ಮ ಕೈಯ ಉಪ್ಪು, ಸೋಪು, ಸ್ಯಾನಿಟೈಸರ್ ಅದಕ್ಕೆ ಆಗುವುದಿಲ್ಲ.

ಅಲ್ಲೇ ಕೂತು ಕುಂಬಾರ ಕಪ್ಪೆಯ ಕಥೆ ಹೇಳುತ್ತೇನೆ. ನಮ್ಮದೇ ಜಿಲ್ಲೆಯದ್ದು. ಕತ್ತಲೆಕಾನಿನ ಹಳ್ಳಗಳಲ್ಲಿದೆ. ಅದು ಹೊಸ ಪ್ರಭೇದ ಅಂತ ವಿಜ್ಞಾನಿಗಳು ಹೆಸರಿಟ್ಟದ್ದು 2014ರಲ್ಲಿ. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ, ಗಂಡು ಹಳ್ಳದ ಕೆಸರನ್ನು ಮುಂಗಾಲಲ್ಲಿ ತೆಗೆದು ಮೊಟ್ಟೆಗೆ ಮೆತ್ತುತ್ತದೆ, ಕುಂಬಾರ ಮಡಕೆಗೆ ಮೆತ್ತಿದ ಹಾಗೆ. ರಾತ್ರಿ ಕಾದು ಕೂತು ನೋಡಿದವರಿಗೇ ಇದು ಸಿಕ್ಕಿದ್ದು. ಕೊಯ್ದಿದ್ದರೆ ಸಿಗುತ್ತಿತ್ತಾ?

ಮೇ ತಿಂಗಳಲ್ಲಿ ಇನ್ನೊಂದು ಸಿಗುತ್ತದೆ, ಜೀರುಂಡೆಯ (ಸಿಕಾಡ) ಪೊರೆ. ಮರದ ಕಾಂಡಕ್ಕೆ ಕಚ್ಚಿಕೊಂಡಿರುತ್ತದೆ, ಬೆನ್ನಲ್ಲಿ ಸೀಳು. ರಜೆಯಲ್ಲಿ ಊರಿಗೆ ಹೋದಾಗ ತೋಟದ ಅಂಚಿನಿಂದ ಬೆಂಕಿಪೆಟ್ಟಿಗೆ ತುಂಬಾ ತರುತ್ತೇನೆ. ಜಿರಲೆ ಕೊಯ್ಯುವ ಪಾಠಕ್ಕೆ ಇದನ್ನು ಕೊಡಿ. ಕಾಲಿನ ಗೆಣ್ಣು, ರಸ ಹೀರುವ ಕೊಳವೆ ಬಾಯಿ ಎಲ್ಲಾ ಲೆನ್ಸಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸೀಳಿನ ಒಳಗೆ ಬಿಳಿ ದಾರದ ಎಳೆಗಳು ನೇತಾಡುತ್ತಿರುತ್ತವೆ. ಅವು ದಾರ ಅಲ್ಲ, ಕೀಟದ ಉಸಿರಾಟದ ನಾಳಗಳ ಒಳಪದರ. ಪೊರೆ ಬಿಡುವಾಗ ಅದನ್ನೂ ಕಳಚಿ ಬಿಟ್ಟು ಹೋಗಿರುತ್ತದೆ. ಸಾಯದೆ, ಕೊಲ್ಲದೆ, ಒಳಗಿನ ನಾಳ ಕಣ್ಣಿಗೆ ಕಾಣುವುದು ಅಂದರೆ ಇದೇ.

ಕಡಲ ದಂಡೆಯಿಂದ ಖಾಲಿ ಚಿಪ್ಪು, ಏಡಿಯ ಪೊರೆ ತರಬಹುದು. ಹವಳ, ಕಡಲಕುದುರೆ, ಕೆಲವು ಜಾತಿಯ ಶಂಖಗಳು ವನ್ಯಜೀವಿ ಕಾಯ್ದೆಯ ಕೆಳಗೆ ಬರುತ್ತವೆ. ಸತ್ತು ಬಿದ್ದಿದ್ದರೂ ಮುಟ್ಟದೆ ಬಿಡಿ.

ಮೀನಿನ ವಿಷಯ

ಇದು ಕರಾವಳಿಯಲ್ಲಿ ತಪ್ಪಿಸಿಕೊಳ್ಳಲಾಗದ ವಿಷಯ. ನನ್ನ ಕ್ಲಾಸಿನ ಅರ್ಧ ಮಕ್ಕಳು ಮೀನುಗಾರರ ಮನೆಯವರು. ಬಂಗಡೆಯ ಒಳಗೆ ಏನೇನಿದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅಮ್ಮ ಈಳಿಗೆ ಮುಂದೆ ಕೂತು ಹೆಚ್ಚುವುದನ್ನು ಹುಟ್ಟಿದಾಗಿನಿಂದ ನೋಡಿದ್ದಾರೆ. ಅವರ ಮನೆ ಊಟ ತಪ್ಪು ಅಂತ ಹೇಳಲು ನನಗೆ ಯಾವ ಹಕ್ಕೂ ಇಲ್ಲ. ಹೇಳುವುದೂ ಇಲ್ಲ.

ನಾನು ಹಾಕಿಕೊಂಡ ಗೆರೆ ಇಷ್ಟು. ಪಾಠಕ್ಕಾಗಿ ಯಾವ ಜೀವವನ್ನೂ ಕೊಲ್ಲಿಸುವುದಿಲ್ಲ, ಕೊಳ್ಳುವುದಿಲ್ಲ, ಕ್ಲಾಸಿಗೆ ತರಿಸುವುದಿಲ್ಲ. ಆದರೆ ಮನೆಯಲ್ಲಿ ಹೇಗೂ ಊಟಕ್ಕೆ ಬಂದ ಮೀನನ್ನು ಮಗು ಗಮನಿಸಿ ಬರೆದುಕೊಂಡು ಬಂದರೆ ಬೇಡ ಅನ್ನುವುದಿಲ್ಲ. ಎಷ್ಟೋ ವೀಗನ್ ಗೆಳೆಯರು ಇದನ್ನು ಒಪ್ಪುವುದಿಲ್ಲ. ನನಗೆ ಮಗುವಿನ ಮನೆಯ ತಿಳಿವಳಿಕೆಯನ್ನು ಬಾಗಿಲ ಹೊರಗೆ ನಿಲ್ಲಿಸಲು ಮನಸ್ಸು ಬರುವುದಿಲ್ಲ. ಒಬ್ಬಳು ಬಂಗಡೆಯ ಕಿವಿರಿನೊಳಗೆ ‘ಬಾಚಣಿಗೆ ಥರ ಇದೆ’ ಅಂತ ಬಿಡಿಸಿಕೊಂಡು ಬಂದಳು. ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು (ಪ್ಲವಕ) ಸೋಸಿಕೊಳ್ಳುವ ಜರಡಿ ಅದು. ಪಠ್ಯದ ಚಿತ್ರದಲ್ಲಿ ಅದು ಇರಲೇ ಇಲ್ಲ. ಅವಳ ಚಿತ್ರವನ್ನೇ ಗೋಡೆಗೆ ಹಾಕಿದೆ. ಬರೆಯಲು ಇಷ್ಟವಿಲ್ಲದವರಿಗೆ, ಮೀನೇ ತಿನ್ನದ ಮನೆಯವರಿಗೆ, ದಾಸವಾಳವೋ ಬಟ್ಟೆ ಕಪ್ಪೆಯೋ ಇದ್ದೇ ಇದೆ. ಅಂಕ ಎಲ್ಲರಿಗೂ ಒಂದೇ.

‘ಅಕ್ಕೋರೆ, ನೀವು ಹಾಲೂ ಕುಡಿಯೋದಿಲ್ವಾ?’ ಅಂತ ಕೇಳುತ್ತಾರೆ. ‘ಇಲ್ಲ, ಅದು ಕರುವಿಗೆ ಅಂತ ಬಂದದ್ದು ಅಂತ ನನಗನ್ನಿಸುತ್ತೆ’ ಅಂತ ಒಂದೇ ಮಾತು. ಅಲ್ಲಿಗೆ ನಿಲ್ಲಿಸುತ್ತೇನೆ. ಸರ್ಕಾರದ ಕ್ಷೀರಭಾಗ್ಯ ಯೋಜನೆಯ ಹಾಲು ಹಂಚುವ ಡ್ಯೂಟಿ ನನಗೆ ಬಂದರೆ ನಾನೇ ಲೋಟಕ್ಕೆ ಹಾಕಿ ಕೊಡುತ್ತೇನೆ. ಅದು ಮಕ್ಕಳ ಪಾಲು. ನನ್ನ ಆಯ್ಕೆಯ ಭಾರ ಅವರ ಹೊಟ್ಟೆಯ ಮೇಲೆ ಬೀಳಬಾರದು.

ಕೊಯ್ಯಲೇಬೇಕು ಅಂತ ಒತ್ತಾಯ ಬಂದರೆ

ಇನ್ನೊಂದು ಶಾಲೆಯ ಶಿಬಿರಕ್ಕೆ ಮಕ್ಕಳನ್ನು ಕಳಿಸುವಾಗ ಇದು ಆಗಬಹುದು. ಮೊದಲೇ ಫೋನ್ ಮಾಡಿ ಕೇಳಿ. ಇದೆ ಅಂದರೆ, ಮಕ್ಕಳಿಗೆ ಚೀಟಿ ಕೊಡಿ: ‘ನೋಡುತ್ತೇನೆ’, ‘ನೋಡುವುದಿಲ್ಲ’. ಹೆಸರು ಕರೆದು ಎಲ್ಲರ ಮುಂದೆ ಕೇಳಬೇಡಿ. ಬೇಡ ಅಂದವರಿಗೆ ಹತ್ತು ಪುಟ ಬರೆಯುವ ಕೆಲಸ ಕೊಟ್ಟರೆ ಅದು ಶಿಕ್ಷೆ. ಅವರಿಗೂ ಕೈಗೆ ಕೆಲಸ ಸಿಗಬೇಕು. ಸ್ಟೆತಾಸ್ಕೋಪ್ ಇಲ್ಲದಿದ್ದರೆ ಒಂದು ಆಲಿಕೆಗೆ ರಬ್ಬರ್ ಪೈಪು ಸಿಕ್ಕಿಸಿ ಒಬ್ಬರ ಹೃದಯ ಇನ್ನೊಬ್ಬರು ಕೇಳಲಿ. ಓಡಿ ಬಂದು ನಾಡಿ ಎಣಿಸಲಿ.

ಅಪ್ಪ ಅಮ್ಮ ಕೇಳುವುದು ಬೇರೆ. ‘ಮಗಳು ಡಾಕ್ಟರ್ ಆಗ್ಬೇಕು, ಇದೆಲ್ಲ ಮಾಡದಿದ್ರೆ ಆಗ್ತದಾ?’ ಮೆಡಿಕಲ್ ಸೇರಲು ಬರೆಯುವ ನೀಟ್‌ನಲ್ಲಿ ಪ್ರಾಕ್ಟಿಕಲ್ಲೇ ಇಲ್ಲ, ಬರೆಯುವ ಪರೀಕ್ಷೆ ಮಾತ್ರ. ಎಂಬಿಬಿಎಸ್ ಮೊದಲ ವರ್ಷ ಕಲಿಯುವುದು ಮನುಷ್ಯರ ದೇಹದ ಮೇಲೆ. ತಾವಾಗಿಯೇ ದೇಹದಾನ ಬರೆದುಕೊಟ್ಟವರೂ ಅದರಲ್ಲಿದ್ದಾರೆ. ಹೀಗೆ ಹೇಳಿದರೆ ಹೆಚ್ಚಿನವರಿಗೆ ಸಮಾಧಾನ ಆಗುತ್ತದೆ.

ಹಳೆಯ ಲ್ಯಾಬಿನ ಕಪಾಟಿನಲ್ಲಿ ಫಾರ್ಮಾಲಿನ್ ಬಾಟಲಿಗಳು ಇರುತ್ತವೆ, ಹಾವು, ಕಪ್ಪೆ, ಮೀನು ಹಾಕಿದ್ದು. ಅವನ್ನು ನಾನು ಎಸೆದಿಲ್ಲ. ಆ ಜೀವ ಹೋಗಿಯಾಯಿತು, ಇನ್ನೊಂದು ತರಿಸದೆ ಅದನ್ನೇ ತೋರಿಸುತ್ತೇನೆ. ಮುಚ್ಚಳ ಮಾತ್ರ ತೆಗೆಯಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಫಾರ್ಮಾಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಸಿಂಕಿಗೆ ಚೆಲ್ಲುವುದಂತೂ ಬೇಡವೇ ಬೇಡ.

ಬಟ್ಟೆ ಕಪ್ಪೆಗೆ ನಮ್ಮ ಮಳೆಗಾಲವೇ ಶತ್ರು. ಮೊದಲ ವರ್ಷ ಆಗಸ್ಟಿನಲ್ಲಿ ತೆಗೆದು ನೋಡಿದರೆ ಯಕೃತ್ತಿನ ಮೇಲೆಲ್ಲ ಬೂಷ್ಟು ಬಂದಿತ್ತು. ಈಗ ಅಂಗಗಳನ್ನು ಬಿಚ್ಚಿ, ಬೇರೆ ಬೇರೆ ಪೇಪರಿನಲ್ಲಿ ಸುತ್ತಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ನಾಲ್ಕು ಕರಿಮೆಣಸು ಹಾಕಿ ಇಡುತ್ತೇನೆ. ಸಾಸಿವೆ ಚೀಲವನ್ನು ಪ್ರತಿ ವರ್ಷ ಬಿಚ್ಚಿ ಹೊಸ ಸಾಸಿವೆ ತುಂಬಿ, ಇಲ್ಲದಿದ್ದರೆ ಹುಳ ಹಿಡಿಯುತ್ತದೆ. ದಸರಾ ರಜೆ ಮುಗಿಸಿ ಬಂದ ದಿನ ಎಲ್ಲವನ್ನೂ ಶಾಲೆಯ ಕಟ್ಟೆಯ ಮೇಲೆ ಬಿಸಿಲಿಗೆ ಹರಡುತ್ತೇವೆ. ಎಂಟನೇ ಕ್ಲಾಸಿನ ಮಕ್ಕಳು ಸುತ್ತ ಕೂತು ಕಾಯುತ್ತಾರೆ. ಅವರ ಪಾಠ ಅಲ್ಲೇ ಶುರುವಾಗಿಬಿಡುತ್ತದೆ.